ಹಳೆ ಕಾಗದ, ಸತ್ತವರ ಹೆಸರು, ಕ್ಯಾಮೆರಾ ಹಿಡಿದ ಮಿಷನರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಒಂದು ಕೌಂಟಿಯ ದಾಖಲೆ ಕೋಣೆಯಲ್ಲಿ ನಾನು ವಾರಕ್ಕೆ ಎರಡು ದಿನ ಸ್ವಯಂಸೇವಕಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಅಲ್ಲಿಗೆ ಹಳೆಯ ದಾಖಲೆಗಳ ಫೋಟೋ ತೆಗೆಯಲು ಒಬ್ಬ ಮಿಷನರಿ ದಂಪತಿ ಬಂದಿದ್ದರು. ಅವರ ಜೊತೆ ಒಂದೂವರೆ ವರ್ಷ ಕೆಲಸ ಮಾಡಿದೆ. ಈ ವಿಷಯ ಎತ್ತಿದರೆ ಸಾಕು, ನೆಂಟರು, ಗೆಳತಿಯರು, ಪತ್ರ ಬರೆಯುವವರು ಎಲ್ಲರೂ ಅವವೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಬಾಯಿ ಸೋತು ಹೋಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಂದ ಹೇಳುವುದಾದರೆ

ಮಿಷನರಿ ಅಂದ್ರೆ ಮನೆ ಮನೆ ಬಾಗಿಲು ತಟ್ಟೋರು ಅಲ್ವಾ? ಇವರು ಕಾಗದದ ಫೋಟೋ ಯಾಕೆ ತೆಗೀತಾರೆ?

ಬಾಗಿಲು ತಟ್ಟುವವರು ಬೇರೆ. ಬಿಳಿ ಅಂಗಿ, ಟೈ ಹಾಕಿಕೊಂಡು ಜೋಡಿಯಾಗಿ ಓಡಾಡುವ ಹುಡುಗರನ್ನು ನೀವು ನೋಡಿರಬಹುದು. ಲೇಟರ್-ಡೇ ಸೇಂಟ್ಸ್ ಚರ್ಚಿನವರು. ಜನ ಇವರನ್ನು ಮಾರ್ಮನ್ನರು ಅಂತಲೂ ಕರೆಯುತ್ತಾರೆ. ಅದೇ ಚರ್ಚಿನಲ್ಲಿ ಮಕ್ಕಳು ದೊಡ್ಡವರಾಗಿ, ನೌಕರಿಯಿಂದ ನಿವೃತ್ತರಾದ ಗಂಡ ಹೆಂಡತಿಯೂ ಮಿಷನ್‌ಗೆ ಹೋಗುತ್ತಾರೆ. ಅಂಥವರಿಗೆ ಆಸ್ಪತ್ರೆ, ಶಾಲೆ, ಕಚೇರಿ ಹೀಗೆ ನಾನಾ ಕೆಲಸಗಳಿರುತ್ತವೆ. ಅದರಲ್ಲಿ ಒಂದು ಹಳೆಯ ದಾಖಲೆಗಳನ್ನು ಕಾಪಾಡುವುದು.

ಈ ಕೆಲಸ ಇವತ್ತು ನಿನ್ನೆಯದಲ್ಲ. ವಂಶದ ಲೆಕ್ಕ ಇಡಲಿಕ್ಕೆಂದೇ ಚರ್ಚು 1894ರಲ್ಲಿ ಯೂಟಾದಲ್ಲಿ ಒಂದು ಸಂಘ ಕಟ್ಟಿತು. 1938ರಲ್ಲಿ ಆ ಸಂಘ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಲು, ಅಂದರೆ ಪುಟಗಳ ಫೋಟೋವನ್ನು ತೀರಾ ಚಿಕ್ಕದಾಗಿ ಫಿಲ್ಮ್ ಸುರುಳಿಗೆ ಇಳಿಸಲು ಶುರುಮಾಡಿತು. ಈಗ ಅದರ ಹೆಸರು ಫ್ಯಾಮಿಲಿಸರ್ಚ್. 1999ರಲ್ಲಿ ವೆಬ್‌ಸೈಟ್ ಬಂತು. ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು.

ನಮ್ಮ ಕೋಣೆಗೆ ಬಂದವರ ಎದೆ ಮೇಲೆ ಕಪ್ಪು ಹೆಸರುಪಟ್ಟಿ ಇರುತ್ತಿತ್ತು. ಗಂಡನಿಗೆ ‘ಎಲ್ಡರ್’, ಹೆಂಡತಿಗೆ ‘ಸಿಸ್ಟರ್’ ಅಂತ ಕರೆಯುವುದು. ನಾನು ಮನಸ್ಸಿನಲ್ಲಿ ಅಜ್ಜ, ಅಜ್ಜಿ ಅಂತಲೇ ಕರೆಯುತ್ತಿದ್ದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಸಂಬಳ ಎಷ್ಟು ಕೊಡ್ತಾರೆ?

ಏನೂ ಇಲ್ಲ. ಮನೆ ಬಾಡಿಗೆ, ಊಟ, ಪೆಟ್ರೋಲು ಎಲ್ಲ ಅವರದ್ದೇ ಕೈಯಿಂದ. ಊರಲ್ಲಿ ಸ್ವಂತ ಮನೆಗೆ ಬೀಗ ಹಾಕಿ, ಇಲ್ಲಿ ಸಣ್ಣ ಬಾಡಿಗೆ ಮನೆ ಹಿಡಿದಿದ್ದರು. ಮೊದಲು ಕೇಳಿದಾಗ ನನಗೂ ನಂಬಿಕೆ ಬರಲಿಲ್ಲ.

ಸತ್ತವರ ಹೆಸರು ಹುಡುಕೋದಕ್ಕೂ ಧರ್ಮಕ್ಕೂ ಏನು ಸಂಬಂಧ?

ಅವರ ನಂಬಿಕೆಯಲ್ಲಿ ಕುಟುಂಬ ಅನ್ನುವುದು ಸಾವಿಗೆ ಮುಗಿಯುವುದಿಲ್ಲ. ಗಂಡ ಹೆಂಡತಿ, ಅಪ್ಪ ಅಮ್ಮ ಮಕ್ಕಳು ದೇವಾಲಯದಲ್ಲಿ ನಡೆಯುವ ಒಂದು ವಿಧಿಯಿಂದ ಶಾಶ್ವತವಾಗಿ ಬೆಸೆದುಕೊಳ್ಳುತ್ತಾರೆ. ಹಾಗಾದರೆ ಆ ವಿಧಿಗೆ ಅವಕಾಶವೇ ಇಲ್ಲದೆ ಸತ್ತುಹೋದ ಮುತ್ತಜ್ಜ ಮುತ್ತಜ್ಜಿಯರ ಗತಿ? ಬದುಕಿರುವವರು ಅವರ ಪರವಾಗಿ ನಿಂತು ಮಾಡಿಸಬಹುದು ಅನ್ನುತ್ತದೆ ಚರ್ಚು. ಸ್ಥಾಪಕ ಜೋಸೆಫ್ ಸ್ಮಿತ್ ಸತ್ತವರ ಪರವಾದ ದೀಕ್ಷಾಸ್ನಾನದ ಬಗ್ಗೆ 1840ರಲ್ಲಿ ಮೊದಲು ಬೋಧಿಸಿದ. ಅದನ್ನು ಮಾಡಿಸಬೇಕಾದರೆ ಹೆಸರು ಬೇಕು. ‘ನಮ್ಮ ತಾತನ ಕಡೆಯವರು ಯಾರೋ’ ಅಂದರೆ ಆಗುವುದಿಲ್ಲ. ಹೆಸರು, ಊರು, ಹುಟ್ಟಿದ ವರ್ಷ, ಸಂಬಂಧ ಬೇಕು.

ಬೈಬಲಿನ ಹಳೆ ಒಡಂಬಡಿಕೆಯಲ್ಲಿ ಮಲಾಕಿ ಅನ್ನುವ ಪ್ರವಾದಿಯ ಪುಸ್ತಕದ ಕೊನೆಯ ಸಾಲು ಇವರಿಗೆ ಬಾಯಿಪಾಠ. ತಂದೆಗಳ ಮನಸ್ಸನ್ನು ಮಕ್ಕಳ ಕಡೆಗೂ ಮಕ್ಕಳ ಮನಸ್ಸನ್ನು ತಂದೆಗಳ ಕಡೆಗೂ ತಿರುಗಿಸುವ ಮಾತು ಅದು. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುವಾಗ ತಡವರಿಸಿದವರಿಗೆ ಇದು ತೀರಾ ಅಪರಿಚಿತ ಅನ್ನಿಸಲಿಕ್ಕಿಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ.

ನೀವೂ ಆ ಚರ್ಚಿಗೆ ಸೇರಿಬಿಟ್ರಾ?

ಇಲ್ಲ. ಸೇರಿ ಅಂತ ಅವರು ಒಂದು ದಿನವೂ ಅನ್ನಲಿಲ್ಲ. ಸರ್ಕಾರಿ ದಾಖಲೆ ಕೋಣೆಯಲ್ಲಿ ಧರ್ಮಬೋಧೆ ಮಾಡುವ ಹಾಗೂ ಇಲ್ಲ. ನಾನಾಗಿ ಕೇಳಿದರೆ ಮಾತ್ರ ಹೇಳುತ್ತಿದ್ದರು, ಅದೂ ಊಟದ ಹೊತ್ತಿನಲ್ಲಿ.

## ಮೇಜಿನ ಹತ್ತಿರ

ದಿನವಿಡೀ ನಿಜಕ್ಕೂ ಏನು ಮಾಡ್ತಾರೆ? ಕ್ಲಿಕ್ ಕ್ಲಿಕ್ ಅಷ್ಟೇನಾ?

ಕ್ಲಿಕ್ ಅನ್ನುವುದು ಕೊನೆಯ ಒಂದು ಕ್ಷಣ. ಅದಕ್ಕೆ ಮುಂಚೆಯೇ ಮುಕ್ಕಾಲು ಕೆಲಸ.

ನಾವು ಮಾಡುತ್ತಿದ್ದದ್ದು ಹೆಚ್ಚಾಗಿ 1800ರ ದಶಕಗಳ ಉಯಿಲಿನ ಕಡತಗಳು. ಒಬ್ಬ ಸತ್ತ ಮೇಲೆ ಅವನ ಆಸ್ತಿ ಹಂಚಿಕೆಗೆ ಕೋರ್ಟಿಗೆ ಬಂದ ಕಾಗದಗಳೆಲ್ಲ ಒಂದು ಕಟ್ಟು. ಉಯಿಲು, ಸಾಮಾನು ಪಟ್ಟಿ, ಸಾಲದ ಚೀಟಿ, ಹರಾಜಿನ ಲೆಕ್ಕ, ಶವಪೆಟ್ಟಿಗೆ ಮಾಡಿದ ಬಡಗಿಯ ರಸೀದಿ ಎಲ್ಲ ಅದರೊಳಗೆ. ಒಂದೊಂದನ್ನೂ ಮೂರು ಮಡಿಕೆ ಮಡಿಸಿ, ಮೇಲೆ ಹೆಸರು ಬರೆದು, ಲಾಡಿ ಕಟ್ಟಿ, ಉದ್ದನೆಯ ತಗಡಿನ ಡ್ರಾಯರಿನಲ್ಲಿ ನಿಲ್ಲಿಸಿಟ್ಟಿರುತ್ತಾರೆ. ಕೆಲವು ಕಟ್ಟುಗಳನ್ನು ಕಟ್ಟಿದ ಮೇಲೆ ಯಾರೂ ಬಿಚ್ಚಿಯೇ ಇಲ್ಲ.

ಲಾಡಿ ಬಿಚ್ಚುವುದು ನನ್ನ ಕೆಲಸ. ಗಂಟು ಬಿಚ್ಚಿದ ಕೂಡಲೇ ನಶ್ಯದ ಹಾಗೆ ಕಂದು ಪುಡಿ ಮೇಜಿನ ಮೇಲೆ ಉದುರುತ್ತದೆ. ಆಮೇಲೆ ಪಿನ್ನು. ತುಕ್ಕು ಹಿಡಿದ ಗುಂಡುಪಿನ್ನು ಕಾಗದಕ್ಕೇ ಅಂಟಿಕೊಂಡಿರುತ್ತದೆ. ಎಳೆದರೆ ಹರಿಯುತ್ತದೆ. ತೆಳ್ಳನೆಯ ಚಪ್ಪಟೆ ಕಡ್ಡಿಯನ್ನು ಕೆಳಗೆ ತೂರಿಸಿ, ತುಕ್ಕನ್ನು ನಿಧಾನ ಬಿಡಿಸಿ, ಪಿನ್ನನ್ನು ಮೇಲಕ್ಕೆತ್ತಬೇಕು. ಅದಾದ ಮೇಲೆ ಮಡಿಕೆ ಬಿಡಿಸಿ, ಎರಡು ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಂದೆರಡು ದಿನ ಬಿಡುವುದು. ಬಿಡಿಸಿದ ಕಾಗದಕ್ಕೆ ಮತ್ತೆ ಮುದುಡಿಕೊಳ್ಳುವ ಚಟ. ನೂರೈವತ್ತು ವರ್ಷ ಅದೇ ಭಂಗಿಯಲ್ಲಿ ಇದ್ದದ್ದು ತಾನೇ.

ಅಜ್ಜಿ ಹಾಳೆಗಳನ್ನು ಅನುಕ್ರಮಕ್ಕೆ ಜೋಡಿಸುತ್ತಿದ್ದರು. ಅಜ್ಜ ಕ್ಯಾಮೆರಾ. ಮೇಲಿಂದ ಕೆಳಕ್ಕೆ ನೋಡುವಂತೆ ಕಂಬಕ್ಕೆ ಬಿಗಿದ ಕ್ಯಾಮೆರಾ, ಎರಡು ಪಕ್ಕ ದೀಪ, ಕೆಳಗೆ ಕಪ್ಪು ಹಾಸು. ಪ್ರತಿ ಕಡತದ ಮೊದಲು ಅದರ ವಿವರ ನಮೂದಿಸಬೇಕು. ಆಮೇಲೆ ಮುಂಬದಿ, ಹಿಂಬದಿ, ಅಂಟಿಸಿದ ಚೀಟಿ ಇದ್ದರೆ ಅದನ್ನು ಮಡಿಸಿ ಒಂದು, ಬಿಡಿಸಿ ಒಂದು. ಬೆರಳು ಫ್ರೇಮಿನೊಳಗೆ ಬರಬಾರದು. ಸಂಜೆಗೆ ಅಜ್ಜನ ಸೊಂಟ ಹಿಡಿದುಕೊಳ್ಳುತ್ತಿತ್ತು. ದೇವರ ಕೆಲಸವಾದರೂ ಸೊಂಟ ಕೇಳಬೇಕಲ್ಲ.

ಬಿಳಿ ಗ್ಲೌಸ್ ಹಾಕ್ಕೋಬೇಕಲ್ವಾ? ಸಿನಿಮಾದಲ್ಲೆಲ್ಲ ಹಾಕ್ಕೋತಾರೆ.

ಕಾಗದಕ್ಕೆ ಬೇಡ. ಕೈ ಸೋಪಿನಲ್ಲಿ ತೊಳೆದು, ಚೆನ್ನಾಗಿ ಒರೆಸಿಕೊಂಡರೆ ಸಾಕು. ಹತ್ತಿಯ ಗ್ಲೌಸ್ ಹಾಕಿದರೆ ಹಾಳೆಯ ಅಂಚು ಬೆರಳಿಗೆ ತಿಳಿಯುವುದಿಲ್ಲ, ಹರಿಯುವುದೇ ಜಾಸ್ತಿ. ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ಗ್ಲೌಸ್. ಕೈಗೆ ಕ್ರೀಮು ಹಚ್ಚಿಕೊಂಡು ಬಂದರೆ ಅಜ್ಜಿ ಮತ್ತೆ ತೊಳೆಯಲು ಕಳಿಸುತ್ತಿದ್ದರು.

ಫೋಟೋ ತೆಗೆದ ಮೇಲೆ ಮೂಲ ಕಾಗದ ಏನಾಗುತ್ತೆ? ಚರ್ಚಿನವರು ಹೊತ್ಕೊಂಡು ಹೋಗ್ತಾರಾ?

ಒಂದು ಚೂರೂ ಹೋಗುವುದಿಲ್ಲ. ಮೂಲ ಕಾಗದ ಇದ್ದಲ್ಲೇ ಇರುತ್ತದೆ. ಮಡಿಸದೆ, ಆಮ್ಲವಿಲ್ಲದ ಕವರಿನಲ್ಲಿ, ಪೆಟ್ಟಿಗೆಯಲ್ಲಿ. ಹಾಗಾಗಿ ಈ ಕೆಲಸದಿಂದ ಮೊದಲ ಲಾಭ ಕಾಗದಕ್ಕೇ. ಫ್ಯಾಮಿಲಿಸರ್ಚ್‌ಗೂ ದಾಖಲೆಯ ಒಡೆಯರಿಗೂ ಒಂದು ಒಪ್ಪಂದ ಆಗಿರುತ್ತದೆ. ಫೋಟೋ ತೆಗೆದುಕೊಡುವುದಕ್ಕೆ ಅವರು ಹಣ ಕೇಳುವುದಿಲ್ಲ, ಒಂದು ಪ್ರತಿ ಕಚೇರಿಗೂ ಕೊಡುತ್ತಾರೆ. ಯಾರು ಎಲ್ಲಿ ನೋಡಬಹುದು ಅನ್ನುವುದೂ ಆ ಒಪ್ಪಂದದಲ್ಲೇ ಇರುತ್ತದೆ.

ಹಿಂದೆ ತೆಗೆದ ಮೈಕ್ರೋಫಿಲ್ಮ್ ಸುರುಳಿಗಳನ್ನು ಸಾಲ್ಟ್ ಲೇಕ್ ಸಿಟಿ ಹತ್ತಿರದ ಲಿಟಲ್ ಕಾಟನ್‌ವುಡ್ ಕಣಿವೆಯಲ್ಲಿ, ಗ್ರಾನೈಟ್ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿ ಇಟ್ಟಿದ್ದಾರೆ. ಸುಮಾರು 24 ಲಕ್ಷ ಸುರುಳಿ. ಅಷ್ಟನ್ನೂ ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು.

ಇಷ್ಟು ವರ್ಷ ಉಳಿದಿರೋ ಕಾಗದ ಇನ್ನೂ ಉಳಿಯುತ್ತೆ ಬಿಡಿ. ಇಷ್ಟೊಂದು ಅವಸರ ಯಾಕೆ?

ಉಳಿದದ್ದು ಮಾತ್ರ ನಮಗೆ ಕಾಣುತ್ತದೆ, ಅದಕ್ಕೇ ಹಾಗನ್ನಿಸುವುದು.

ಅಮೆರಿಕದ 1890ರ ಜನಗಣತಿಯನ್ನೇ ನೋಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಕಟ್ಟಡದಲ್ಲಿ ಬೆಂಕಿ ಬಿತ್ತು. ಸುಟ್ಟದ್ದು ಸ್ವಲ್ಪ, ನೀರಿನಲ್ಲಿ ನೆನೆದು ಹಾಳಾದದ್ದು ಸ್ವಲ್ಪ, ಉಳಿದದ್ದನ್ನು ಆಮೇಲೆ ಸರ್ಕಾರವೇ ನಾಶ ಮಾಡಿತು. ಇವತ್ತು ಅದರಲ್ಲಿ ಇರುವುದು ಚೂರುಪಾರು. ಹಾಗಾಗಿ 1880ರಲ್ಲಿ ಮಗುವಾಗಿ ಕಾಣುವ ಹುಡುಗಿ 1900ರ ಹೊತ್ತಿಗೆ ಮದುವೆಯಾಗಿ ಬೇರೆ ಹೆಸರಿನಲ್ಲಿ ಬೇರೆ ರಾಜ್ಯದಲ್ಲಿರುತ್ತಾಳೆ. ನಡುವಿನ ಸೇತುವೆಯೇ ಇಲ್ಲ. 1973ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೈನಿಕರ ಕಡತಗಳಿಗೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಕಡತ ಹೋದವು.

ನನಗೆ ಅತಿ ಬೇಸರ ತರಿಸುವುದು ವರ್ಜೀನಿಯಾದ ಕಥೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲದಲ್ಲಿ ಸೈನ್ಯ ಬಂದು ಸುಟ್ಟುಬಿಡಬಹುದು ಅಂತ ಹೆದರಿ ಕೆಲವು ಕೌಂಟಿಗಳು ತಮ್ಮ ದಾಖಲೆ ಪುಸ್ತಕಗಳನ್ನು ರಾಜಧಾನಿ ರಿಚ್ಮಂಡ್‌ಗೆ ಕಳಿಸಿದವು, ಅಲ್ಲಿ ಭದ್ರ ಅಂತ. 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹೊತ್ತಿ ಉರಿಯಿತು. ಮನೆಯಲ್ಲೇ ಇಟ್ಟುಕೊಂಡ ಕೆಲವು ಕೌಂಟಿಗಳ ಪುಸ್ತಕ ಇವತ್ತಿಗೂ ಇವೆ.

ಬೆಂಕಿ ಬೇಡ, ಶಾಯಿಯೇ ಸಾಕು. ಆ ಕಾಲದ ಶಾಯಿ ಮಾಚಿಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ್ದು. ಬಾಣಂತಿ ಮದ್ದಿನ ಅದೇ ಮಾಚಿಕಾಯಿ! ಓಕ್ ಮರದ ಮೇಲೆ ಹುಳು ಕಟ್ಟುವ ಗಂಟು ಅದು. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ಶಾಯಿಯಲ್ಲಿ ಇದರ ಪಾಲು ಜಾಸ್ತಿಯಾದರೆ ವರ್ಷ ಕಳೆದಂತೆ ಅಕ್ಷರವೇ ಕಾಗದವನ್ನು ತಿನ್ನುತ್ತದೆ. ಹಾಳೆ ಎತ್ತಿದರೆ ಅಕ್ಷರವಿದ್ದ ಜಾಗದಲ್ಲಿ ಜರಡಿ.

ನಿಮ್ಮ ಕೈಯಿಂದ ಯಾವತ್ತಾದ್ರೂ ಎಡವಟ್ಟಾಗಿದೆಯಾ?

ಆಗಿದೆ. ಮೊದಲ ತಿಂಗಳು, ಒಂದು ಪೂರ್ತಿ ಪೆಟ್ಟಿಗೆಯಲ್ಲಿ ಮಡಿಕೆಯ ಹೊರಬದಿ ಖಾಲಿ ಅಂದುಕೊಂಡು ಬಿಟ್ಟಿದ್ದೆ. ಅದು ಖಾಲಿ ಅಲ್ಲ. ಕಡತ ಕೋರ್ಟಿಗೆ ಬಂದ ದಿನಾಂಕ, ಗುಮಾಸ್ತನ ಸಹಿ ಎಲ್ಲ ಇರುವುದು ಅಲ್ಲೇ. ಎಷ್ಟೋ ಸಲ ಸತ್ತ ದಿನದ ಅಂದಾಜು ಸಿಗುವುದು ಆ ಒಂದು ಗೆರೆಯಿಂದ. ಚಿತ್ರಗಳನ್ನು ಪರೀಕ್ಷಿಸುವಾಗ ಅಜ್ಜಿಯ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಪೆಟ್ಟಿಗೆಯನ್ನು ಮತ್ತೆ ನನ್ನ ಮುಂದೆ ತಂದಿಟ್ಟರು, ಅಷ್ಟೇ. ಎರಡು ದಿನದ ಕೆಲಸ ನೀರಿಗೆ. ಅವತ್ತಿಂದ ಪ್ರತಿ ಹಾಳೆ ತಿರುಗಿಸಿ ನೋಡುವ ಅಭ್ಯಾಸ ಎಷ್ಟು ಅಂಟಿದೆ ಅಂದರೆ, ಅಂಗಡಿಯ ಬಿಲ್ಲನ್ನೂ ತಿರುಗಿಸಿ ನೋಡುತ್ತೇನೆ.

## ಅರ್ಥ ಸಿಗುವುದು ಎಲ್ಲಿ

ಯಾರದೋ ತಾತನ ಉಯಿಲು ನೋಡಿದ್ರೆ ನಿಮಗೇನು ಸಿಗುತ್ತೆ? ಅವರು ನಿಮ್ಮವರಲ್ಲ, ಆ ದಂಪತಿಗೂ ಯಾರೂ ಅಲ್ಲ.

ಇದನ್ನೇ ನಾನು ಅಜ್ಜಿಯನ್ನು ಕೇಳಿದ್ದೆ. ಅವರ ಹಿರಿಯರು ಬದುಕಿದ್ದು ಬೇರೆ ರಾಜ್ಯದಲ್ಲಿ. ಈ ಕೌಂಟಿಯಲ್ಲಿ ಅವರ ಮನೆತನದ ಒಬ್ಬರೂ ಇಲ್ಲ. ‘ನಮ್ಮವರ ಕಾಗದವನ್ನು ಇನ್ಯಾರೋ ಬಿಡಿಸುತ್ತಿರುತ್ತಾರೆ, ಬಿಡಿ’ ಅಂದರು. ಆಗ ಅದು ಸುಮ್ನೆ ಒಳ್ಳೆ ಮಾತು ಅನ್ನಿಸಿತು. ಕೆಲಸ ಮಾಡುತ್ತಾ ಹೋದಂತೆ ಅದು ಒಂದು ವ್ಯವಸ್ಥೆ ಅಂತ ಅರ್ಥವಾಯಿತು. ಯಾರೂ ತಮ್ಮವರನ್ನಷ್ಟೇ ಉಳಿಸಿಕೊಳ್ಳಲು ಆಗುವುದಿಲ್ಲ. ಪೆಟ್ಟಿಗೆಯೊಳಗೆ ನಮ್ಮವರು, ಬೇರೆಯವರು ಅಂತ ಬೇರೆ ಬೇರೆ ಕಟ್ಟು ಇರುವುದಿಲ್ಲ. ಇಡೀ ಪೆಟ್ಟಿಗೆಯನ್ನೇ ಉಳಿಸಬೇಕು.

ಇನ್ನೊಂದು ವಿಷಯ. ಕುಟುಂಬದ ಇತಿಹಾಸ ಅಂದರೆ ನಮಗೆ ದೊಡ್ಡವರು ಬೇಕು. ಪಟೇಲರು, ದಿವಾನರು, ಯಾರಾದರೂ ಒಬ್ಬ ಹೆಸರು ಮಾಡಿದವನು. ಈ ಕಡತಗಳಲ್ಲಿ ಅಂಥವರು ಕಮ್ಮಿ. ಇರುವುದು ಸಾಮಾನು ಪಟ್ಟಿ. ಒಂದು ಮುದಿ ಹೆಣ್ಣು ಕುದುರೆ. ಒಂದು ಗರಿ ತುಂಬಿದ ಹಾಸಿಗೆ. ಬಾಯಿ ಒಡೆದ ಕಬ್ಬಿಣದ ಪಾತ್ರೆ. ನೂಲುವ ಚಕ್ರ. ‘ಹಳೆ ಪುಸ್ತಕಗಳ ಒಂದು ಗುಂಪು’, ಬೆಲೆ ಕೆಲವೇ ಸೆಂಟು. ಅಕ್ಕಪಕ್ಕದ ಮನೆಯ ಮೂವರು ಬಂದು, ಕೋಣೆ ಕೋಣೆ ತಿರುಗಿ, ಒಂದೊಂದಕ್ಕೂ ಬೆಲೆ ಕಟ್ಟಿ ಬರೆದದ್ದು. ಆಮೇಲೆ ಹರಾಜು. ಹರಾಜಿನ ಲೆಕ್ಕ ಓದಿದರೆ, ಗಂಡನ ಹಾಸಿಗೆಯನ್ನು, ಪಾತ್ರೆಯನ್ನು ಹೆಂಡತಿಯೇ ದುಡ್ಡು ಕೊಟ್ಟು ಕೊಂಡುಕೊಂಡಿರುತ್ತಾಳೆ. ತಾನು ದಿನಾ ಅಡಿಗೆ ಮಾಡುತ್ತಿದ್ದ ಪಾತ್ರೆ! ಕಾನೂನು ಹಾಗಿತ್ತು.

ಇಂಥ ಐವತ್ತು ಪಟ್ಟಿ ಓದಿದ ಮೇಲೆ ನಮ್ಮ ಮನೆಯ ಅಟ್ಟದ ಸಾಮಾನು ನೆನಪಾಗತೊಡಗಿತು. ನಮ್ಮಜ್ಜಿ ಸತ್ತಾಗ ಅವರ ಟ್ರಂಕಿನಲ್ಲಿ ಏನೇನಿತ್ತು ಅಂತ ಯಾರೂ ಬರೆದಿಡಲಿಲ್ಲ. ಊರಿಗೆ ಫೋನು ಮಾಡಿ ಚಿಕ್ಕಮ್ಮನನ್ನು ಕೇಳಿದೆ. ಅವರು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಎರಡು ಸೀರೆ, ಒಂದು ಹಿತ್ತಾಳೆ ಅಡಕತ್ತರಿ, ಮಗ್ಗಿ ಪುಸ್ತಕ. ಮಗ್ಗಿ ಪುಸ್ತಕ ಯಾಕೆ? ಅಜ್ಜಿಗೆ ಓದು ಬರುತ್ತಿರಲಿಲ್ಲ. ಚಿಕ್ಕಮ್ಮನಿಗೂ ಗೊತ್ತಿಲ್ಲ.

ಹಿರಿಯರ ಕೆಟ್ಟ ಕೆಲಸ ದಾಖಲೆಯಲ್ಲಿ ಕಂಡ್ರೆ ಏನು ಮಾಡೋದು? ಮುಚ್ಚಿಡೋದೇ ವಾಸಿ ಅಲ್ವಾ?

ಅದೇ ಸಾಮಾನು ಪಟ್ಟಿಗಳಲ್ಲಿ, ಕುದುರೆಗೂ ನೇಗಿಲಿಗೂ ನಡುವೆ, ಮನುಷ್ಯರ ಹೆಸರು ಬರುತ್ತದೆ. ಬರೀ ಮೊದಲ ಹೆಸರು. ಪಕ್ಕದಲ್ಲಿ ವಯಸ್ಸು, ಎದುರಿಗೆ ಡಾಲರಿನಲ್ಲಿ ಬೆಲೆ. ತಾಯಿ ಮತ್ತು ಮಗು ಒಟ್ಟಿಗೆ ಒಂದೇ ಬೆಲೆ. ಮುದುಕರ ಎದುರಿಗೆ ಸೊನ್ನೆ. ಮೊದಲ ಸಲ ನೋಡಿದಾಗ ನಾನು ಕಡ್ಡಿ ಕೆಳಗಿಟ್ಟು ಹೊರಗೆ ಹೋಗಿ ಕೂತೆ.

ಆದರೆ ಆ ಪಟ್ಟಿಯನ್ನು ಮುಚ್ಚಿಟ್ಟರೆ ಅನ್ಯಾಯವಾಗುವುದು ಒಡೆಯನ ಮನೆಯವರಿಗಲ್ಲ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ಪಟ್ಟಿ ಬೇರೆ ಇತ್ತು. ಅದರಲ್ಲಿ ಒಡೆಯನ ಹೆಸರಿದೆ. ಗುಲಾಮರ ವಯಸ್ಸು, ಲಿಂಗ, ಬಣ್ಣ ಇದೆ. ಅಪರೂಪಕ್ಕೆ ಬಿಟ್ಟರೆ ಹೆಸರಿಲ್ಲ. ಬಿಡುಗಡೆಯಾದ ಕಪ್ಪು ಜನರ ಹೆಸರು ಜನಗಣತಿಯಲ್ಲಿ ಪೂರ್ತಿಯಾಗಿ ಬಂದದ್ದು 1870ರಲ್ಲಿ. ಅದಕ್ಕಿಂತ ಹಿಂದಕ್ಕೆ ಹೋಗಬೇಕು ಅನ್ನುವ ಮೊಮ್ಮಕ್ಕಳಿಗೆ ಎಷ್ಟೋ ಸಲ ಇರುವ ಒಂದೇ ದಾರಿ, ಒಡೆಯನ ಉಯಿಲು ಮತ್ತು ಸಾಮಾನು ಪಟ್ಟಿ. ಬೆಲೆ ಕಟ್ಟಲು ಬರೆದ ಹೆಸರು ಇವತ್ತು ಮುತ್ತಜ್ಜಿಯ ಹೆಸರಾಗಿ ಸಿಗುತ್ತದೆ.

ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ಬಿಡುಗಡೆಯಾದವರ ನೆರವಿಗೆ ಅಂತ ಫ್ರೀಡ್‌ಮೆನ್ಸ್ ಬ್ಯೂರೋ ಶುರುವಾಯಿತು. 1872ರವರೆಗೆ ನಡೆಯಿತು. ಅದರ ಮದುವೆ ದಾಖಲೆ, ಕೂಲಿ ಕರಾರು, ಪಡಿತರದ ಪಟ್ಟಿಗಳಿಂದ ಹೆಸರು ಹೆಕ್ಕುವ ಕೆಲಸವನ್ನು ಫ್ಯಾಮಿಲಿಸರ್ಚ್ ಮತ್ತು ಆಫ್ರಿಕನ್ ಅಮೆರಿಕನ್ ಸಂಘಟನೆಗಳು 2015ರಲ್ಲಿ ಕೈಗೆತ್ತಿಕೊಂಡು ಒಂದು ವರ್ಷದಲ್ಲಿ ಮುಗಿಸಿದವು. ಸುಮಾರು 18 ಲಕ್ಷ ಹೆಸರು ಹೊರಗೆ ಬಂದವು.

ನಿಮ್ಮ ಮನೆತನದ ಕಾಗದದಲ್ಲಿ ಇಂಥದ್ದು ಸಿಕ್ಕರೆ ನನ್ನ ಸಲಹೆ ಇಷ್ಟೇ. ಫೋಟೋ ತೆಗೆಯಿರಿ, ಹೆಸರುಗಳನ್ನು ಇದ್ದ ಹಾಗೇ ಬರೆಯಿರಿ, ಯಾರಾದರೂ ಹುಡುಕಿಕೊಂಡು ಬಂದರೆ ಸಿಗುವ ಹಾಗೆ ಇಡಿ. ‘ಆ ಕಾಲವೇ ಹಾಗಿತ್ತು’ ಅನ್ನುವ ಟಿಪ್ಪಣಿ ಸೇರಿಸಬೇಡಿ.

ಹೆಂಗಸರ ಹೆಸರೇ ಸಿಗಲ್ಲ. ನಮ್ಮ ಕಡೆ ಮಾತ್ರ ಹೀಗಾ?

ಎಲ್ಲ ಕಡೆಯೂ ಅದೇ ಪಾಡು. 1850ಕ್ಕೆ ಮುಂಚಿನ ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನದು ಮಾತ್ರ ಹೆಸರು. ಉಳಿದವರು ವಯಸ್ಸಿನ ಕಾಲಂನಲ್ಲಿ ಬರೀ ಗೆರೆ, ಸಂಖ್ಯೆ. ಮದುವೆಯಾದ ಮೇಲೆ ಆಸ್ತಿ ಗಂಡನ ಹೆಸರಿಗೆ.

ಆದರೂ ಒಂದು ಕಡೆ ಸಿಗುತ್ತಾರೆ: ಜಮೀನಿನ ಕ್ರಯಪತ್ರದ ಕೊನೆಯಲ್ಲಿ. ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಪಾಲನ್ನು ಹೆಂಡತಿ ಜೀವ ಇರುವವರೆಗೆ ಅನುಭವಿಸಬಹುದು ಅಂತ ಹಳೆ ಕಾನೂನು. ಹಾಗಾಗಿ ಗಂಡ ಜಮೀನು ಮಾರುವಾಗ ಅವಳ ಒಪ್ಪಿಗೆಯೂ ಬೇಕು. ಅಧಿಕಾರಿ ಅವಳನ್ನು ಗಂಡನಿಂದ ಬೇರೆ ಕರೆದು, ‘ಯಾರಾದರೂ ಹೆದರಿಸಿದರಾ, ಮನಸ್ಸಿನಿಂದ ಒಪ್ಪಿದ್ದೀಯಾ’ ಅಂತ ಕೇಳಿ ಬರೆದುಕೊಳ್ಳಬೇಕಿತ್ತು. ಪಕ್ಕದ ಕೋಣೆಯಲ್ಲಿ ಗಂಡ ಕೂತಿರುವಾಗ ಅವಳು ಎಷ್ಟು ಧೈರ್ಯವಾಗಿ ಹೇಳಿಯಾಳು, ಅದು ಬೇರೆ ಮಾತು. ಅಂತೂ ಅಲ್ಲಿ ಅವಳ ಹೆಸರಿರುತ್ತದೆ. ಓದು ಬಾರದವಳಾದರೆ, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ, ಹೆಸರಿನ ನಡುವೆ ಒಂದು ಗುಣಿಸು ಗುರುತು. ಕೈ ನಡುಗಿದ್ದು, ನಿಬ್ಬು ಕಾಗದ ಕೆರೆದದ್ದು ಮೂಲ ಪತ್ರದಲ್ಲಿ ಗೊತ್ತಾಗುತ್ತದೆ. ಗುಮಾಸ್ತ ನಕಲು ಮಾಡಿಟ್ಟ ದಫ್ತರದಲ್ಲಿ ಅದೇ ಗುರುತು ಅಂದವಾಗಿ, ನೇರವಾಗಿ ಇರುತ್ತದೆ. ಅದು ಅವನ ಕೈ, ಅವಳದಲ್ಲ.

ಹಾಗಾಗಿ ಹುಡುಕುವವರು ಕ್ರಯಪತ್ರದ ಮೊದಲ ಪುಟಕ್ಕೇ ನಿಲ್ಲಿಸಬೇಡಿ.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಹೆಸರು ಟೈಪ್ ಮಾಡಿದ್ರೆ ಏನೂ ಸಿಗ್ತಿಲ್ಲ. ದಾಖಲೆ ಇಲ್ಲ ಅಂತಾನಾ?

ಇಲ್ಲ, ಹೆಸರಿನ ಸೂಚಿ ಆಗಿಲ್ಲ ಅಂತ. ಫೋಟೋ ತೆಗೆಯುವುದು ಬೇರೆ, ಫೋಟೋದಲ್ಲಿರುವ ಹೆಸರುಗಳನ್ನು ಓದಿ ಸೂಚಿ ಮಾಡುವುದು ಬೇರೆ. ಎರಡರ ನಡುವೆ ವರ್ಷಗಟ್ಟಲೆ ಅಂತರ ಇರಬಹುದು. ಸೂಚಿ ಇಲ್ಲದಿದ್ದರೆ ಕ್ಯಾಟಲಾಗಿನಲ್ಲಿ ಊರಿನ ಹೆಸರು ಹಾಕಿ, ಆ ಊರಿನ ದಾಖಲೆಯ ಚಿತ್ರಗಳನ್ನು ಪುಟ ಪುಟ ತಿರುವಬೇಕು. ಹಳೆಯ ದಫ್ತರಗಳ ಮೊದಲಲ್ಲೋ ಕೊನೆಯಲ್ಲೋ ಆ ಕಾಲದ ಗುಮಾಸ್ತನೇ ಮಾಡಿದ ಅಕಾರಾದಿ ಇರುತ್ತದೆ. ಮೊದಲು ಅದನ್ನು ನೋಡಿ.

2024ರಿಂದ ಇನ್ನೊಂದು ಸೌಕರ್ಯ ಬಂದಿದೆ. ಕೈಬರಹವನ್ನು ಕಂಪ್ಯೂಟರೇ ಓದಿ, ಇಡೀ ಪಠ್ಯದಲ್ಲಿ ಹುಡುಕಲು ಬಿಡುತ್ತದೆ. ಅಮೆರಿಕದ ಜಮೀನು ಪತ್ರ, ಉಯಿಲುಗಳಿಂದ ಶುರುವಾಯಿತು. ಇದರಿಂದ ಆದ ದೊಡ್ಡ ಉಪಕಾರ ಅಂದರೆ ಸಾಕ್ಷಿಗಳು, ನೆರೆಹೊರೆಯವರು, ಸಾಮಾನು ಪಟ್ಟಿಯೊಳಗಿನ ಹೆಸರುಗಳೂ ಸಿಗುತ್ತವೆ. ಹಳೆ ಸೂಚಿಯಲ್ಲಿ ಸಾಮಾನ್ಯವಾಗಿ ಆಸ್ತಿಯವನ ಹೆಸರು ಮಾತ್ರ ಇರುತ್ತಿತ್ತು. ಕಂಪ್ಯೂಟರ್ ತಪ್ಪು ಓದುವುದೂ ಉಂಟು. ಹಳೆಯ ಕೂಡುಬರಹದಲ್ಲಿ ಎರಡು ‘ಎಸ್’ ಒಟ್ಟಿಗೆ ಬಂದರೆ ಮೊದಲನೆಯದು ‘ಎಫ್’ ಥರ ಉದ್ದಕ್ಕೆ ಇರುತ್ತದೆ. ಹೆಸರು ಸಿಗದಿದ್ದರೆ ಆ ತಪ್ಪನ್ನೇ ಟೈಪ್ ಮಾಡಿ ನೋಡಿ.

ಕೆಲವು ಚಿತ್ರಗಳಿಗೆ ಬೀಗದ ಗುರುತು ಇರುತ್ತದೆ. ಒಪ್ಪಂದದ ಪ್ರಕಾರ ಅವನ್ನು ಮನೆಯಿಂದ ನೋಡಲಾಗುವುದಿಲ್ಲ, ಫ್ಯಾಮಿಲಿಸರ್ಚ್ ಕೇಂದ್ರಕ್ಕೆ ಹೋಗಬೇಕು. ಕೆಲವನ್ನು ಅಲ್ಲೂ ನೋಡಲಾಗುವುದಿಲ್ಲ.

ಅಲ್ಲಿರೋ ವಂಶವೃಕ್ಷ ನಂಬಬಹುದಾ? ನಮ್ಮ ಮನೆಯವರದ್ದು ರಾಜಮನೆತನದವರೆಗೂ ಹೋಗಿದೆ!

ರಾಜಮನೆತನ ಬಂದ ಕೂಡಲೇ ಅನುಮಾನ ಪಡಿ. ಫ್ಯಾಮಿಲಿಸರ್ಚ್‌ನಲ್ಲಿರುವುದು ಎಲ್ಲರೂ ಸೇರಿ ಬರೆಯುವ ಒಂದೇ ಮರ. ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ಬದಲಿಸಬಹುದು. ಒಂದೇ ಹೆಸರಿನ ಇಬ್ಬರನ್ನು ಒಬ್ಬನೇ ಮಾಡಿಬಿಡುವುದು ಮಾಮೂಲಿ ತಪ್ಪು. ಪ್ರತಿ ಕೊಂಡಿಗೂ ಆಧಾರ ಏನು ಕೊಟ್ಟಿದ್ದಾರೆ ಅಂತ ನೋಡಿ. ಮಗ ಹುಟ್ಟುವಾಗ ಅಮ್ಮನಿಗೆ ಒಂಬತ್ತು ವರ್ಷ ಅಂತಿದ್ದರೆ, ಅಲ್ಲಿಗೆ ಮರ ಮುರಿಯಿತು. ಬದುಕಿರುವವರ ವಿವರ ಮಾತ್ರ ಬೇರೆಯವರಿಗೆ ಕಾಣುವುದಿಲ್ಲ.

ಒಪ್ಪಿಗೆ ಇಲ್ದೆ ಸತ್ತವರಿಗೆ ದೀಕ್ಷಾಸ್ನಾನ ಮಾಡಿಸೋದು ಸರೀನಾ?

ನನಗೆ ಇದು ಪೂರ್ತಿ ಒಗ್ಗಿಲ್ಲ, ಮುಚ್ಚುಮರೆ ಯಾಕೆ. ಅವರು ಹೇಳುವುದು ಹೀಗೆ: ವಿಧಿ ಮಾಡಿಸುವುದರಿಂದ ಸತ್ತವರು ಚರ್ಚಿನ ಸದಸ್ಯರಾಗಿಬಿಡುವುದಿಲ್ಲ. ಅದು ಬರೀ ಆಹ್ವಾನ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು.

ಆದರೆ ಧರ್ಮದ ಕಾರಣಕ್ಕೇ ಕೊಲೆಯಾದವರ ಮಕ್ಕಳಿಗೆ ಈ ಮಾತು ಹೇಗೆ ಕೇಳಿಸೀತು? ನಾಜಿಗಳು ಕೊಂದ ಯಹೂದಿಗಳ ಹೆಸರಿನಲ್ಲಿ ಈ ವಿಧಿ ನಡೆದದ್ದು ಗೊತ್ತಾಗಿ ದೊಡ್ಡ ಗಲಾಟೆಯಾಯಿತು. ಅಂಥ ಹೆಸರು ಸೇರಿಸುವುದಿಲ್ಲ ಅಂತ 1995ರಲ್ಲಿ ಒಪ್ಪಂದವಾಯಿತು. ಆಮೇಲೂ ಕೆಲವು ಹೆಸರು ನುಸುಳಿದವು. 2012ರಲ್ಲಿ ಚರ್ಚಿನ ಮುಖ್ಯಸ್ಥರು ಸದಸ್ಯರಿಗೆ ಮತ್ತೆ ಕಟ್ಟುನಿಟ್ಟಾಗಿ ಪತ್ರ ಬರೆಯಬೇಕಾಯಿತು. ನಿಯಮದ ಪ್ರಕಾರ ತಮ್ಮ ಸ್ವಂತ ಹಿರಿಯರ ಹೆಸರು ಮಾತ್ರ ಕೊಡಬೇಕು. ಹುಟ್ಟಿ 110 ವರ್ಷ ಆಗಿಲ್ಲದಿದ್ದರೆ ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು. ಕ್ಯಾಥೊಲಿಕರಿಗೂ ಇದು ಸರಿ ಕಾಣಲಿಲ್ಲ. 2008ರಲ್ಲಿ ವ್ಯಾಟಿಕನ್, ಪ್ಯಾರಿಷ್ (ಆಯಾ ಊರಿನ ಚರ್ಚು) ದಾಖಲೆಗಳನ್ನು ಈ ಸಂಘಕ್ಕೆ ಕೊಡಬೇಡಿ ಅಂತ ಬಿಷಪ್‌ಗಳಿಗೆ ಹೇಳಿತು.

ದಾಖಲೆ ಉಳಿಸುವ ಕೆಲಸವನ್ನೂ ಈ ವಿಧಿಯನ್ನೂ ನಾನು ಬೇರೆ ಬೇರೆ ಮಾಡಿ ನೋಡುತ್ತೇನೆ. ಅಜ್ಜ ಅಜ್ಜಿಗೆ ಅವೆರಡೂ ಒಂದೇ ಅಂತಲೂ ಗೊತ್ತು. ಈ ಭಿನ್ನಾಭಿಪ್ರಾಯ ಇಟ್ಟುಕೊಂಡೇ ಒಂದೇ ಮೇಜಿನಲ್ಲಿ ಕೂತಿದ್ದೆವು.

ನಮ್ಮ ದೇಶದ್ದು ಏನಾದ್ರೂ ಇದೆಯಾ?

ಇದೆ, ಸ್ವಲ್ಪ. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನ ಬರೆದಿಡುವ ಉದ್ದನೆಯ ವಹಿಗಳಿವೆಯಲ್ಲ, ಅವುಗಳ ಚಿತ್ರಗಳಿವೆ. ಬ್ರಿಟಿಷರ ಕಾಲದ ಚರ್ಚುಗಳ ದೀಕ್ಷಾಸ್ನಾನ, ಮದುವೆ ದಾಖಲೆಗಳ ಸೂಚಿಯೂ ಇದೆ.

ನಾನು ಆ ಚರ್ಚಿನವಳಲ್ಲ, ವಯಸ್ಸೂ ಆಗಿದೆ. ಏನಾದ್ರೂ ಮಾಡಬಹುದಾ?

ಮಿಷನರಿಯಾಗಲು ಚರ್ಚಿನ ಸದಸ್ಯರಾಗಿರಬೇಕು. ಸೂಚಿ ಮಾಡುವ ಕೆಲಸಕ್ಕೆ ಯಾರಾದರೂ ನಡೆಯುತ್ತದೆ. ಮನೆಯಲ್ಲೇ ಕೂತು, ಕಂಪ್ಯೂಟರ್ ಓದಿದ ಹೆಸರು ಸರಿಯಾ ತಪ್ಪಾ ಅಂತ ನೋಡಿ ತಿದ್ದಬಹುದು. ಅಮೆರಿಕದ 1940ರ ಜನಗಣತಿಯನ್ನು ಗುಟ್ಟಿನ ಅವಧಿಯಾದ 72 ವರ್ಷ ಮುಗಿದ ಮೇಲೆ 2012ರಲ್ಲಿ ಬಿಡುಗಡೆ ಮಾಡಿದಾಗ, ಒಂದು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಕೆಲವೇ ತಿಂಗಳಲ್ಲಿ ಹೆಸರುಗಳನ್ನೆಲ್ಲ ಸೂಚಿಗೆ ಇಳಿಸಿದರು. ಹೆಚ್ಚಿನವರು ಕೂತಿದ್ದು ಅವರವರ ಮನೆಯಲ್ಲೇ.

ಮನೆಯ ಕಾಗದವೇ ಇದ್ದರೆ ಅದರಿಂದಲೇ ಶುರುಮಾಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿದರೆ ಬಿಡಿಸಲಾಗುವುದಿಲ್ಲ. ಸೆಲೋಟೇಪ್ ಹಚ್ಚಬೇಡಿ. ಪಿನ್ನು ತೆಗೆಯಿರಿ. ಬಿಸಿಲು ಬೀಳದ, ಒದ್ದೆಯಾಗದ ಜಾಗದಲ್ಲಿ ಇಡಿ. ಅಟ್ಟ ಬೇಡ. ಫೋಟೋ ತೆಗೆದು ಎರಡು ಮೂರು ಕಡೆ ಇಡಿ, ಒಂದು ಬೇರೆ ಊರಿನಲ್ಲಿರಲಿ. ಫೋಟೋದಲ್ಲಿರುವವರ ಹೆಸರನ್ನು ಹಿಂದುಗಡೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ, ಗುರುತಿಸುವವರು ಇನ್ನೂ ಇರುವಾಗಲೇ.

ಕೊನೆಗೆ ಆ ಅಜ್ಜ ಅಜ್ಜಿಗೆ ಅವರವರು ಸಿಕ್ಕಿದ್ರಾ?

ಅಜ್ಜನ ಕಡೆಯವರು ಬಹಳ ಹಿಂದೆಯೇ ಸಿಕ್ಕಿದ್ದರು. ಅಜ್ಜಿಯ ಮುತ್ತಜ್ಜಿಯ ಕಡೆ ಮಾತ್ರ ಒಂದು ಗೋಡೆ. ಆ ಕೌಂಟಿಯ ಕೋರ್ಟು ಮನೆ ಸುಟ್ಟುಹೋಗಿದೆ, ಉಯಿಲು, ಮದುವೆ ಪುಸ್ತಕ ಎಲ್ಲ ಅದರ ಜೊತೆಗೇ. ಇದು ಅವರಿಗೆ ಮಿಷನ್‌ಗೆ ಬರುವ ಮುಂಚೆಯೇ ಗೊತ್ತಿತ್ತಂತೆ. ನನಗೆ ಹೇಳಿದ್ದು ಹೊರಡುವ ಹಿಂದಿನ ವಾರ, ಅದೂ ನಾನು ಇದೇ ಪ್ರಶ್ನೆ ಕೇಳಿದ್ದಕ್ಕೆ.

ಅವರ ಕೊನೆಯ ದಿನ ಒಂದು ಪೆಟ್ಟಿಗೆ ಅರ್ಧ ಮುಗಿದಿತ್ತು. ಅಜ್ಜ ದೀಪ ಆರಿಸಿದರು. ಅಜ್ಜಿ ಒಂದು ಬಿಳಿ ಚೀಟಿ ಹರಿದು, ಪೆನ್ಸಿಲ್ಲಿನಲ್ಲಿ ‘ಇಲ್ಲಿಂದ ಮುಂದೆ’ ಅಂತ ಬರೆದು, ಬಿಚ್ಚಿದ ಕಟ್ಟಿಗೂ ಬಿಚ್ಚದ ಕಟ್ಟಿಗೂ ನಡುವೆ ಸಿಕ್ಕಿಸಿದರು. ಹೊಸ ದಂಪತಿ ಬರಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಆ ಪೆಟ್ಟಿಗೆಯ ಉಳಿದ ಲಾಡಿಗಳನ್ನು ಬಿಚ್ಚಿಟ್ಟಿದ್ದೆ.